ದುಡಿಯುವವರ ಕೈಯಲ್ಲೇ ರೇಷನ್ ಕಾರ್ಡು

2025ರ ಆಗಸ್ಟ್ ತಿಂಗಳ ಮೊದಲ ಎರಡು ವಾರ ಚೆನ್ನೈ ಮಹಾನಗರ ಪಾಲಿಕೆಯ ಕಚೇರಿ ಇರುವ ರಿಪ್ಪನ್ ಕಟ್ಟಡದ ಮುಂದೆ ಪೌರಕಾರ್ಮಿಕರು ಧರಣಿ ಕುಳಿತಿದ್ದರು. ಬಹಳಷ್ಟು ಮಂದಿ ಹೆಂಗಸರು. ರಾಯಪುರಂ ಮತ್ತು ತಿರು.ವಿ.ಕ. ನಗರ ವಲಯಗಳ ಕಸ ಎತ್ತುವ ಕೆಲಸವನ್ನು ಪಾಲಿಕೆ ಖಾಸಗಿ ಕಂಪನಿಯ ಗುತ್ತಿಗೆಗೆ ಒಪ್ಪಿಸಿತ್ತು. ಅಲ್ಲಿಯವರೆಗೆ ತಿಂಗಳಿಗೆ ಸುಮಾರು 23 ಸಾವಿರ ಬರುತ್ತಿದ್ದ ಸಂಬಳ ಇನ್ನು 16–17 ಸಾವಿರಕ್ಕೆ ಇಳಿಯುತ್ತದೆ ಎಂಬುದು ಅವರ ದೂರು. ಗುತ್ತಿಗೆ ಬೇಡ, ಕೆಲಸ ಕಾಯಂ ಮಾಡಿ ಎಂಬುದು ಬೇಡಿಕೆ. ಆಗಸ್ಟ್ 13ರ ನಡುರಾತ್ರಿ ಪೊಲೀಸರು ಬಂದು ಅವರನ್ನೆಲ್ಲ ಬಸ್ಸು ಹತ್ತಿಸಿ ಸಾಗಿಸಿದರು. ಮಾರನೆಯ ದಿನ ರಾಜ್ಯದ ಸಚಿವ ಸಂಪುಟ ಪೌರಕಾರ್ಮಿಕರಿಗಾಗಿ ಹೊಸ ಯೋಜನೆಗಳನ್ನು ಪ್ರಕಟಿಸಿತು: ಬೆಳಗಿನ ಉಚಿತ ತಿಂಡಿ, ವಿಮೆ, ಮಕ್ಕಳ ಓದಿಗೆ ನೆರವು, ಸ್ವಂತ ಉದ್ಯೋಗಕ್ಕೆ ಸಬ್ಸಿಡಿ ಸಾಲ.

ಕೇಳಿದ್ದು ಸಂಬಳ. ಸಿಕ್ಕಿದ್ದು ತಿಂಡಿ.

ಇದಕ್ಕೆ ಆರು ತಿಂಗಳು ಮುಂಚೆ, ಅದೇ ವರ್ಷದ ಫೆಬ್ರುವರಿಯಲ್ಲಿ, ಸುಪ್ರೀಂ ಕೋರ್ಟಿನಲ್ಲಿ ನಗರಗಳ ವಸತಿಹೀನರ ಬಗೆಗಿನ ಅರ್ಜಿಯ ವಿಚಾರಣೆ ನಡೆದಿತ್ತು. ಪುಕ್ಕಟೆ ರೇಷನ್ನು, ಪುಕ್ಕಟೆ ಹಣದಿಂದಾಗಿ ಜನ ದುಡಿಯಲು ಮುಂದೆ ಬರುತ್ತಿಲ್ಲ, ನಾವು ಪರಾವಲಂಬಿಗಳ ಒಂದು ವರ್ಗವನ್ನೇ ಸೃಷ್ಟಿಸುತ್ತಿಲ್ಲವೇ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಬಿ.ಆರ್. ಗವಾಯಿ ಆಡಿದರು. ಕೆಲಸ ಸಿಕ್ಕರೆ ಬೇಡವೆನ್ನುವವರು ದೇಶದಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಎಂದು ವಕೀಲ ಪ್ರಶಾಂತ್ ಭೂಷಣ್ ಉತ್ತರಿಸಿದರು. ನ್ಯಾಯಮೂರ್ತಿಗಳ ಆತಂಕ ಹೊಸದೇನೂ ಅಲ್ಲ. ಕರ್ನಾಟಕದಲ್ಲಿ ಬಡವರಿಗೆ ಅಕ್ಕಿ ಹಂಚುವ ಅನ್ನಭಾಗ್ಯ ಯೋಜನೆ ಶುರುವಾದಾಗಿನಿಂದ ಮಲೆನಾಡಿನ ಅಡಿಕೆ ತೋಟದ ಜಗಲಿಯಲ್ಲೂ ಬೆಂಗಳೂರಿನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ಇದೇ ಮಾತು ಓಡಾಡುತ್ತಿದೆ. ಪರಾವಲಂಬನೆ ಎನ್ನುವುದು ನಿಜಕ್ಕೂ ಇದೆಯೇ, ಇದ್ದರೆ ಯಾರದು ಎಂದು ನೋಡುವುದಕ್ಕೆ ಚೆನ್ನೈಯಷ್ಟು ಒಳ್ಳೆಯ ಊರು ಇನ್ನೊಂದಿಲ್ಲ. ಭಾರತದಲ್ಲಿ ಸರ್ಕಾರದಿಂದ ಜನರಿಗೆ ಅತಿ ಹೆಚ್ಚು ಬಗೆಯ ನೆರವು ಸಿಗುವ ರಾಜ್ಯಗಳಲ್ಲಿ ತಮಿಳುನಾಡು ಮುಂಚೂಣಿಯಲ್ಲಿದೆ. ದೇಶದ ಕಾರ್ಖಾನೆಗಳಲ್ಲಿ ದುಡಿಯುವ ಪ್ರತಿ ಹತ್ತು ಹೆಂಗಸರಲ್ಲಿ ನಾಲ್ವರು ಇರುವುದೂ ಅದೇ ರಾಜ್ಯದಲ್ಲಿ. ಪುಕ್ಕಟೆ ಅಕ್ಕಿ ಜನರನ್ನು ಸೋಮಾರಿ ಮಾಡುವುದಾಗಿದ್ದರೆ, 2011ರಿಂದ ತಿಂಗಳಿಗೆ 20 ಕಿಲೋ ಅಕ್ಕಿಯನ್ನು ಬಿಡಿಗಾಸಿಲ್ಲದೆ ಹಂಚುತ್ತಿರುವ ಆ ರಾಜ್ಯ ಇಷ್ಟು ಹೊತ್ತಿಗೆ ಚಾಪೆ ಹಾಸಿ ಮಲಗಿರಬೇಕಿತ್ತು.

ಚೆನ್ನೈಯ ಅಮ್ಮ ಉಣವಗಂ ಎಂಬ ಕ್ಯಾಂಟೀನುಗಳ ಲೆಕ್ಕ ಬಲು ಸ್ವಾರಸ್ಯದ್ದು. 2013ರ ಫೆಬ್ರುವರಿಯಲ್ಲಿ ಆಗಿನ ಮುಖ್ಯಮಂತ್ರಿ ಜಯಲಲಿತಾ ಸಾಂತೋಮ್‌ನಲ್ಲಿ ಮೊದಲ ಕ್ಯಾಂಟೀನು ತೆರೆದರು. ಇಡ್ಲಿಗೆ ಒಂದು ರೂಪಾಯಿ, ಪೊಂಗಲ್‌ಗೆ ಐದು, ಸಾಂಬಾರ್ ಅನ್ನಕ್ಕೆ ಐದು, ಮೊಸರನ್ನಕ್ಕೆ ಮೂರು. ಟೋಕನ್ ಪಡೆದು, ಸ್ಟೀಲ್ ತಟ್ಟೆ ಹಿಡಿದು, ಎತ್ತರದ ಮೇಜಿನ ಮುಂದೆ ನಿಂತು ತಿನ್ನುವ ವ್ಯವಸ್ಥೆ. ಸಾಲಿನಲ್ಲಿ ನಿಲ್ಲುವವರು ಆಟೋ ಚಾಲಕರು, ಲೋಡಿಂಗ್‌ನವರು, ರಾತ್ರಿಪಾಳಿ ಮುಗಿಸಿ ಬಂದ ವಾಚ್‌ಮನ್‌ಗಳು, ಮನೆಗೆಲಸಕ್ಕೆ ಹೋಗುವ ಹೆಂಗಸರು, ಕಟ್ಟಡ ಕೆಲಸಕ್ಕೆ ಉತ್ತರದಿಂದ ಬಂದ ಹುಡುಗರು. ಕೆಲಸವಿಲ್ಲದವರಿಗೆ ಹೊತ್ತಿಗೆ ಸರಿಯಾಗಿ ತಿಂಡಿ ಮುಗಿಸುವ ಧಾವಂತ ಇರುವುದಿಲ್ಲ. ಇಲ್ಲಿ ನಿಂತವರಿಗೆಲ್ಲ ಧಾವಂತವೇ. ಏಳಕ್ಕೆ ತೆರೆಯುವ ಕ್ಯಾಂಟೀನಿನಲ್ಲಿ ತಿಂದು ಎಂಟಕ್ಕೆ ಸೈಟಿನಲ್ಲಿ ಇರಬೇಕು.

ಕೌಂಟರಿನ ಒಳಗೆ ನಿಂತವರ ಕಥೆ ಇನ್ನೂ ಒಂದು ಕೈ ಮೇಲೆ. ಈ ಕ್ಯಾಂಟೀನುಗಳನ್ನು ನಡೆಸುವವರು ಸ್ವಸಹಾಯ ಸಂಘದ ಹೆಂಗಸರು. ಶುರುವಾದಾಗ ಅವರ ದಿನಗೂಲಿ 300 ರೂಪಾಯಿ ಇತ್ತು. ಹನ್ನೊಂದು ವರ್ಷದ ತನಕ ಅದು ಅಲ್ಲಾಡಲಿಲ್ಲ. 2024ರಲ್ಲಿ 325 ಆಯಿತು. ಅಂದರೆ ಇಡ್ಲಿಯ ದರ ಏರಬಾರದು ಎಂಬ ಹಟದ ಜೊತೆಗೆ ಇಡ್ಲಿ ಬೇಯಿಸುವವರ ಕೂಲಿಯೂ ಏರಬಾರದು ಎಂಬ ಹಟ ಸದ್ದಿಲ್ಲದೆ ನಡೆದುಕೊಂಡು ಬಂತು. ಇಷ್ಟು ಕೂಲಿಯಲ್ಲಿ ಚೆನ್ನೈಯಲ್ಲಿ ಸಂಸಾರ ಸಾಗಿಸಲಾಗದ ಹೆಂಗಸು ಸಹಜವಾಗಿಯೇ ರೇಷನ್ ಅಂಗಡಿಗೆ ಹೋಗುತ್ತಾಳೆ, ತಿಂಗಳ ಸಾವಿರ ರೂಪಾಯಿಯ ಮಹಿಳಾ ಹಕ್ಕುಧನಕ್ಕೆ ಅರ್ಜಿ ಹಾಕುತ್ತಾಳೆ. ಆಕೆಯನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಫಲಾನುಭವಿಯೇ, ಸರ್ಕಾರಕ್ಕೆ ಅಗ್ಗದಲ್ಲಿ ದುಡಿದು ಕೊಡುವ ನೌಕರಳೇ?

ನಮ್ಮ ಕರಾವಳಿಯವರಿಗೆ ಮದ್ರಾಸಿನ ಹೋಟೆಲು ಎಂದರೆ ಬೇರೆಯದೇ ನೆನಪು. ಹೋದ ಶತಮಾನದ ಮೊದಲರ್ಧದಲ್ಲಿ ಉಡುಪಿಯ ಸುತ್ತಲಿನ ಹಳ್ಳಿಗಳಿಂದ ಬಡ ಹುಡುಗರು ರೈಲು ಹತ್ತಿ ಹೋಗಿದ್ದು ಅಲ್ಲಿನ ಹೋಟೆಲು ಕೆಲಸಕ್ಕೆ. ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು ಕೂಡ ಹೋಟೆಲಿನ ಚಿಲ್ಲರೆ ಕೆಲಸದಿಂದಲೇ ಮೇಲೆ ಬಂದವರು. ಸಂಬಳ ಪುಡಿಗಾಸು, ಯಜಮಾನರ ಬೈಗುಳ ಧಾರಾಳ. ಆದರೆ ಊಟ, ತಿಂಡಿ, ಮಲಗಲು ಜಾಗ ಯಜಮಾನರ ಖರ್ಚು. ಆ ಕಾಲವನ್ನು ಹೊಗಳಬೇಕಾಗಿಲ್ಲ. ಗಮನಿಸಬೇಕಾದ್ದು ಇಷ್ಟೇ: ದುಡಿಯುವವನ ಹೊಟ್ಟೆಯ ಖರ್ಚು ಆಗ ದುಡಿಸಿಕೊಳ್ಳುವವನ ಲೆಕ್ಕದ ಪುಸ್ತಕದಲ್ಲಿತ್ತು. ಇವತ್ತು ಅದು ಸರ್ಕಾರದ ಬಜೆಟ್ಟಿಗೆ ಬಂದು ಕುಳಿತಿದೆ.

ಕಾನೂನು ಹೇಳುವುದು ಇದಕ್ಕೆ ತದ್ವಿರುದ್ಧ. ಕನಿಷ್ಠ ಕೂಲಿ ಎಂದರೆ ಏನೇನು ಸೇರಿರಬೇಕು ಎಂಬುದನ್ನು 1957ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನ ಪಟ್ಟಿ ಮಾಡಿತು: ದಿನಕ್ಕೆ 2,700 ಕ್ಯಾಲರಿಯ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ. 1991ರ ಅಕ್ಟೋಬರಿನಲ್ಲಿ ರೆಪ್ಟಾಕೋಸ್ ಬ್ರೆಟ್ ಎಂಬ ಔಷಧ ಕಂಪನಿಯ ಮದ್ರಾಸು ಕಾರ್ಖಾನೆಯ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಬಾಬತ್ತು ಸೇರಿಸಿತು. ಮಕ್ಕಳ ಓದು, ಔಷಧೋಪಚಾರ, ಹಬ್ಬ ಹರಿದಿನ, ಮುಪ್ಪು, ಮದುವೆ ಇಂಥವಕ್ಕೆ ಕನಿಷ್ಠ ಕೂಲಿಯ ಕಾಲು ಭಾಗದಷ್ಟು ಇರಬೇಕು ಎಂದಿತು. ಇಷ್ಟನ್ನೂ ಕೊಡಲಾಗದ ಉದ್ಯಮಕ್ಕೆ ಬದುಕುವ ಹಕ್ಕಿಲ್ಲ ಎಂಬ ನಿಲುವನ್ನೂ ಎತ್ತಿಹಿಡಿಯಿತು. ಈ ಪಟ್ಟಿಯನ್ನು ಒಂದು ಕೈಯಲ್ಲೂ ತಮಿಳುನಾಡಿನ ಯೋಜನೆಗಳ ಪಟ್ಟಿಯನ್ನು ಇನ್ನೊಂದು ಕೈಯಲ್ಲೂ ಹಿಡಿದು ನೋಡಿದರೆ ಬಹುಪಾಲು ಸಾಲುಗಳು ತಾಳೆಯಾಗುತ್ತವೆ. ಅಕ್ಕಿ, ಪೊಂಗಲ್ ಹಬ್ಬಕ್ಕೆ ಸೀರೆ–ಪಂಚೆ, ಮಕ್ಕಳ ಊಟ, ಕಾಲೇಜಿಗೆ ಹೋಗುವ ಹುಡುಗಿಗೆ ತಿಂಗಳಿಗೆ ಸಾವಿರ, ಆಸ್ಪತ್ರೆ ವಿಮೆ, ವೃದ್ಧಾಪ್ಯ ವೇತನ. ಕೂಲಿಯೊಳಗೆ ಬರಬೇಕಾದ್ದನ್ನು ಕೂಲಿಯ ಹೊರಗಿನಿಂದ ತುಂಬಿಸುವ ಕೆಲಸ ದಶಕಗಳಿಂದ ನಡೆದಿದೆ. ಕೂಲಿ ಕಡಿಮೆ ಕೊಡುವವನ ಮೇಲೆ ಬೀಳಬೇಕಿದ್ದ ಒತ್ತಡ ಹೀಗೆ ತೆರಿಗೆ ಕಟ್ಟುವವನ ಮೇಲೆ ಸರಿದಿದೆ.

ಮಹಿಳಾ ಹಕ್ಕುಧನದ ನಿಯಮವನ್ನು ಪೌರಕಾರ್ಮಿಕರ ಸಂಬಳಕ್ಕೆ ತಗುಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕಲೈಞರ್ ಮಗಳಿರ್ ಉರಿಮೈ ತೊಗೈ ಎಂಬ ಈ ಯೋಜನೆ ಶುರುವಾದದ್ದು 2023ರ ಸೆಪ್ಟೆಂಬರ್ 15ರಂದು, ಕಾಂಚೀಪುರದಲ್ಲಿ. ಮೊದಲ ಕಂತು ಪಡೆದವರು ಒಂದು ಕೋಟಿಗೂ ಹೆಚ್ಚು ಹೆಂಗಸರು. ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷ ಮೀರಿರಬಾರದು ಎಂಬುದು ಅದರ ಷರತ್ತುಗಳಲ್ಲಿ ಒಂದು. ಒಬ್ಬಳೇ ದುಡಿಯುವ ಮನೆ ಎಂದುಕೊಳ್ಳಿ. ತಿಂಗಳಿಗೆ 23 ಸಾವಿರ ಬಂದರೆ ವರ್ಷಕ್ಕೆ 2 ಲಕ್ಷ 76 ಸಾವಿರ. ಆಕೆ ಯೋಜನೆಯ ಹೊರಗೆ. ಸಂಬಳ 17 ಸಾವಿರಕ್ಕೆ ಇಳಿದರೆ ವರ್ಷಕ್ಕೆ 2 ಲಕ್ಷ 4 ಸಾವಿರ. ಆಕೆ ಈಗ ಯೋಜನೆಯ ಒಳಗೆ. ಸಂಬಳದಲ್ಲಿ ಕಳೆದುಕೊಂಡದ್ದು 72 ಸಾವಿರ, ನೆರವಾಗಿ ಮರಳಿ ಬಂದದ್ದು 12 ಸಾವಿರ. ಸರ್ಕಾರದ ಕಡತದಲ್ಲಿ ಆಕೆ ಹೊಸ ಫಲಾನುಭವಿ. ಮುಂದೊಂದು ದಿನ ಯಾರೋ ಈ ಅಂಕಿಯನ್ನು ಎತ್ತಿ ತೋರಿಸಿ, ನೋಡಿ, ನೆರವನ್ನೇ ನಂಬಿದವರ ಸಂಖ್ಯೆ ಏರುತ್ತಿದೆ ಎಂದು ವಾದಿಸಲೂಬಹುದು.

ಅದೇ 2025ರ ಮೇ ಒಂದರಂದು ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿಯ ಪತ್ರ ಕೊಡಲಾಯಿತು. ಎಷ್ಟೋ ವರ್ಷಗಳ ಹೋರಾಟದ ಫಲ ಅದು, ಯಾರೂ ಹರಿವಾಣದಲ್ಲಿಟ್ಟು ಕೊಟ್ಟದ್ದಲ್ಲ. ಆಟೋ ಟಿಪ್ಪರುಗಳ ಚಾಲಕರು, ಲೋಡರುಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಎರಡು ನಗರಗಳು ಒಂದೇ ವರ್ಷದಲ್ಲಿ ಹಿಡಿದ ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಸರ್ಕಾರದ ಮೇಲಿನ ಅವಲಂಬನೆಯನ್ನು ತಗ್ಗಿಸುವ ಬಹುದೊಡ್ಡ ಕೀಲಿ ಸರ್ಕಾರದ ಟೆಂಡರ್ ಪತ್ರದಲ್ಲೇ ಇದೆ ಎಂಬುದು ಕಾಣುತ್ತದೆ.

ನೆರವನ್ನು ಕಷ್ಟದ್ದಾಗಿ ಮಾಡಿದರೆ ಜನ ತಾವಾಗಿಯೇ ಕೆಲಸ ಹುಡುಕಿಕೊಳ್ಳುತ್ತಾರೆ ಎಂಬ ಸಿದ್ಧಾಂತವನ್ನು ಮದ್ರಾಸು ಹಿಂದೊಮ್ಮೆ ಅನುಭವಿಸಿ ನೋಡಿದೆ. ಕನ್ನಡ ನಾಡಿನ ಹಿರಿಯರ ಬಾಯಲ್ಲಿ ಧಾತು–ಈಶ್ವರದ ಬರ ಎಂದು ಉಳಿದುಕೊಂಡ 1876–78ರ ಕ್ಷಾಮ ಅದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದದ್ದು 1881ಕ್ಕೆ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಬಳ್ಳಾರಿ ಆಗ ಮದ್ರಾಸು ಪ್ರೆಸಿಡೆನ್ಸಿಯ ಜಿಲ್ಲೆ. ಕ್ಷಾಮ ತೀವ್ರವಾಗಿ ಕಾಡಿದ ಸೀಮೆಗಳಲ್ಲಿ ಅದೂ ಒಂದು. 1877ರ ಜನವರಿಯಲ್ಲಿ ವೈಸ್‌ರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್, ಪರಿಹಾರದ ಕಾಮಗಾರಿಗೆ ಬರುವವರು ನಿಜವಾಗಿ ಹಸಿದವರೇ ಎಂದು ಪರೀಕ್ಷಿಸುವ ಉಪಾಯ ಹೂಡಿದ. ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಚಿಲ್ಲರೆ ಕಾಸು. ಅದಕ್ಕೆ ಪ್ರತಿಯಾಗಿ ಮೈಮುರಿಯುವ ದುಡಿಮೆ. ಈ ಪ್ರಮಾಣದ ಆಹಾರದಲ್ಲಿ ದುಡಿಯುವುದಿರಲಿ, ಜೀವ ಹಿಡಿದುಕೊಳ್ಳುವುದೂ ಆಗದು ಎಂದು ಪ್ರೆಸಿಡೆನ್ಸಿಯ ನೈರ್ಮಲ್ಯ ಕಮಿಷನರ್ ಡಾಕ್ಟರ್ ಡಬ್ಲ್ಯು.ಆರ್. ಕಾರ್ನಿಷ್ ಅಂಕಿಅಂಶ ಇಟ್ಟುಕೊಂಡು ಜಗಳವಾಡಿದ. ಕೆಲ ತಿಂಗಳ ಮೇಲೆ ಮದ್ರಾಸು ಸರ್ಕಾರ ಕೂಲಿ ಏರಿಸಿತು. ಅಷ್ಟರಲ್ಲಿ ಸತ್ತವರು ಸತ್ತಿದ್ದರು. ಅಡ್ಯಾರು ಮತ್ತು ಕೂವಂ ನದಿಗಳನ್ನು ಜೋಡಿಸುವ ಬಕಿಂಗ್‌ಹ್ಯಾಮ್ ಕಾಲುವೆಯ ತುಂಡನ್ನು ಅಗೆದದ್ದು ಆ ಬರದ ಕೂಲಿಗಳೇ. ಆಗಿನ ಗವರ್ನರನ ಹೆಸರು ಹೊತ್ತ ಕಾಲುವೆ ಈಗ ಕೊಳಚೆ ನೀರು ಹೊತ್ತು ಹರಿಯುತ್ತದೆ, ಅದರ ಮೇಲೆ ಎತ್ತರದ ಕಂಬಗಳಲ್ಲಿ ಎಂಆರ್‌ಟಿಎಸ್ ರೈಲು ಓಡುತ್ತದೆ.

ಈಗಿನ ಯಾವ ಸರ್ಕಾರವೂ ಟೆಂಪಲ್‌ನಷ್ಟು ಕ್ರೂರವಾಗಿಲ್ಲ. ಅವನ ತರ್ಕ ಮಾತ್ರ ಸೌಮ್ಯ ವೇಷದಲ್ಲಿ ಉಳಿದುಕೊಂಡಿದೆ. ಜರ್ಮನಿ ಅದಕ್ಕೆ ಒಳ್ಳೆಯ ಉದಾಹರಣೆ. 2005ರ ಮೊದಲ ತಿಂಗಳುಗಳಲ್ಲಿ ಅಲ್ಲಿ ನಿರುದ್ಯೋಗಿಗಳ ಸಂಖ್ಯೆ 50 ಲಕ್ಷ ದಾಟಿತ್ತು. ಆ ಜನವರಿಯಲ್ಲೇ ಜಾರಿಗೆ ಬಂದ ಹಾರ್ಟ್ಸ್ ಸುಧಾರಣೆಯ ನಾಲ್ಕನೆಯ ಕಂತು ದೀರ್ಘಕಾಲದ ನಿರುದ್ಯೋಗ ಭತ್ಯೆಯನ್ನು ಕಡಿದು ಹಾಕಿತು, ಸಿಕ್ಕ ಕೆಲಸ ಒಪ್ಪದವರ ಭತ್ಯೆಗೆ ಕತ್ತರಿ ಹಾಕಿತು. ಮುಂದಿನ ಹತ್ತು ವರ್ಷದಲ್ಲಿ ನಿರುದ್ಯೋಗ ಗಣನೀಯವಾಗಿ ತಗ್ಗಿತು. ರಫ್ತು ಹೆಚ್ಚಿದ್ದೂ ಅದಕ್ಕೆ ಕಾರಣ ಎನ್ನುವ ಅರ್ಥಶಾಸ್ತ್ರಜ್ಞರಿದ್ದಾರೆ. ಸುಧಾರಣೆಯ ಪಾಲೂ ಇತ್ತೆಂದು ಒಪ್ಪೋಣ. ಆದರೆ ಕೆಲಸಕ್ಕೆ ಸೇರಿದ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಸಂಬಳ ಸಾಲದೆ, ಅವರು ಕೆಲಸದ ಜೊತೆಗೆ ಭತ್ಯೆಯನ್ನೂ ಪಡೆಯುತ್ತಲೇ ಉಳಿದರು. ಅದುವರೆಗೆ ದೇಶವ್ಯಾಪಿ ಕನಿಷ್ಠ ವೇತನವೇ ಇಲ್ಲದಿದ್ದ ಜರ್ಮನಿ 2015ರಲ್ಲಿ ಗಂಟೆಗೆ ಎಂಟೂವರೆ ಯೂರೋ ನಿಗದಿ ಮಾಡಬೇಕಾಯಿತು. ಅಮೆರಿಕದಲ್ಲೂ ಇದೇ ಕಥೆ. ಆಹಾರ ಕೂಪನ್ನು ಮತ್ತು ಸರ್ಕಾರಿ ವೈದ್ಯಕೀಯ ನೆರವು ಪಡೆಯುವ ನೌಕರರು ಎಲ್ಲಿ ದುಡಿಯುತ್ತಾರೆ ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2020ರಲ್ಲಿ ಕೆಲವು ರಾಜ್ಯಗಳಲ್ಲಿ ಹುಡುಕಿದಾಗ, ಮುಂಚೂಣಿಯಲ್ಲಿ ಸಿಕ್ಕ ಹೆಸರುಗಳಲ್ಲಿ ವಾಲ್‌ಮಾರ್ಟ್ ಮತ್ತು ಮೆಕ್‌ಡೊನಾಲ್ಡ್ಸ್ ಇದ್ದವು.

ಹಾಗಾದರೆ ಪುಕ್ಕಟೆ ನೆರವಿನಿಂದ ದುಡಿಮೆ ಕುಗ್ಗುವುದೇ ಇಲ್ಲವೇ? ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಹೋದ್ಯೋಗಿಗಳು ಬಡ ದೇಶಗಳ ನಗದು ವರ್ಗಾವಣೆ ಯೋಜನೆಗಳ ಏಳು ಪ್ರಯೋಗಗಳ ದತ್ತಾಂಶವನ್ನು ಮತ್ತೆ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದರು. ಹಣ ಪಡೆದವರು ಕೆಲಸ ಬಿಟ್ಟರು ಎನ್ನುವುದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. ಫಿನ್‌ಲ್ಯಾಂಡ್ 2017 ಮತ್ತು 2018ರಲ್ಲಿ ಎರಡು ಸಾವಿರ ನಿರುದ್ಯೋಗಿಗಳಿಗೆ ಯಾವ ಷರತ್ತೂ ಇಲ್ಲದೆ ತಿಂಗಳಿಗೆ 560 ಯೂರೋ ಕೊಟ್ಟು ನೋಡಿತು. ಅವರ ದುಡಿಮೆಯ ದಿನಗಳು ಕಡಿಮೆಯಾಗಲಿಲ್ಲ, ಒಂದಿಷ್ಟು ಹೆಚ್ಚಾದವು. ಇಷ್ಟಾದರೂ ಮಲೆನಾಡಿನ ತೋಟದವರ ದೂರನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಆಳು ಸಿಗದೆ ಪರದಾಡುವುದು ನಿಜ. ಮನೆಯಲ್ಲಿ ಅಕ್ಕಿ ಇದ್ದವನು ಸಂಜೆಯ ಗಂಜಿಗಾಗಿ ಸಿಕ್ಕ ಕೂಲಿಗೆ ಒಪ್ಪಿಕೊಳ್ಳುವುದಿಲ್ಲ. ಒಂದು ದಿನ ಕಾದು, ಪಕ್ಕದ ಊರಿನಲ್ಲಿ ನೂರು ರೂಪಾಯಿ ಹೆಚ್ಚು ಸಿಗುತ್ತದೆಯೇ ಎಂದು ವಿಚಾರಿಸುತ್ತಾನೆ. ಇದಕ್ಕೆ ತೋಟದ ಯಜಮಾನರು ಸೋಮಾರಿತನ ಎನ್ನುತ್ತಾರೆ, ಅವರೇ ಅಡಿಕೆಗೆ ಒಳ್ಳೆಯ ಧಾರಣೆ ಬರಲಿ ಎಂದು ಮೂಟೆ ಕಟ್ಟಿ ಕಾಯುವಾಗ ಅದು ವ್ಯವಹಾರ ಜಾಣ್ಮೆ. ಸಣ್ಣ ಹಿಡುವಳಿದಾರನಿಗೆ ಏರಿದ ಕೂಲಿ ಹೊರೆಯಾಗುವುದು ಬೇರೆ ಸಮಸ್ಯೆ. ಅದಕ್ಕೆ ಪರಿಹಾರವನ್ನು ಬೆಲೆ, ಯಂತ್ರ, ಸಾಲಗಳಲ್ಲಿ ಹುಡುಕಬೇಕೇ ಹೊರತು ಆಳಿನ ಮನೆಯ ಅಕ್ಕಿ ಡಬ್ಬದಲ್ಲಲ್ಲ.

ನೆರವುಗಳೆಲ್ಲ ಒಂದೇ ಬಗೆಯವೂ ಅಲ್ಲ. ಕೆಲವು ದುಡಿಮೆಯ ದಾರಿಯ ಕಲ್ಲುಮುಳ್ಳು ತೆಗೆಯುತ್ತವೆ. 1920ರ ಸೆಪ್ಟೆಂಬರಿನಲ್ಲಿ ಮದ್ರಾಸು ಕಾರ್ಪೊರೇಷನ್ ಪಿ. ತ್ಯಾಗರಾಯ ಚೆಟ್ಟಿಯವರ ಮುಂದಾಳತ್ವದಲ್ಲಿ ಥೌಸಂಡ್ ಲೈಟ್ಸ್ ಬಡಾವಣೆಯ ಶಾಲೆಯ ಮಕ್ಕಳಿಗೆ ತಲಾ ಒಂದಾಣೆ ಮೀರದ ಖರ್ಚಿನಲ್ಲಿ ತಿಂಡಿ ಕೊಡಲು ಒಪ್ಪಿಗೆ ನೀಡಿತು. ಅಲ್ಲಿಂದ ಕಾಮರಾಜರ 1956ರ ಮಧ್ಯಾಹ್ನದ ಊಟ, ಎಂಜಿಆರ್ 1982ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿಸಿದ ಸತ್ತುಣವು, 2022ರ ಬೆಳಗಿನ ತಿಂಡಿಯ ತನಕ ಒಂದೇ ಎಳೆ. ಮಗುವಿಗೆ ಶಾಲೆಯಲ್ಲಿ ಊಟ ಸಿಕ್ಕರೆ ತಾಯಿಗೆ ಬೆಳಗಿನ ಎರಡು ಗಂಟೆ ಉಳಿಯುತ್ತದೆ. ಏಳೂವರೆಯ ಕಂಪನಿ ಬಸ್ಸು ಹಿಡಿಯುವ ಹೆಂಗಸಿಗೆ ಆ ಎರಡು ಗಂಟೆಯೇ ಕೆಲಸ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ. ಎಂಜಿಆರ್ ಕಾಲದಲ್ಲಿ ಊಟದ ಕೇಂದ್ರಗಳ ಕೆಲಸಕ್ಕೆ ವಿಧವೆಯರಿಗೂ ನಿರ್ಗತಿಕ ಹೆಂಗಸರಿಗೂ ಆದ್ಯತೆ ಕೊಟ್ಟು ಲಕ್ಷಕ್ಕೂ ಮಿಕ್ಕಿ ಜನರನ್ನು ತೆಗೆದುಕೊಂಡರು. ಅವರಿಗೂ ಪೂರ್ಣ ಸಂಬಳದ ಮಾತು ಬಂದಾಗ ಸರ್ಕಾರದ ಕೈ ಮುಷ್ಟಿಯಾಗಿಯೇ ಉಳಿಯಿತು. ಆದರೂ ಯೋಜನೆಯ ದಿಕ್ಕು ಸರಿಯಿತ್ತು.

ದಿಕ್ಕು ತಪ್ಪಿದ ನೆರವಿನ ಉದಾಹರಣೆಯೂ ಇದೇ ಊರಿನಲ್ಲಿದೆ. 1970ರಲ್ಲಿ ಸ್ಥಾಪನೆಯಾದ ಕೊಳೆಗೇರಿ ನಿರ್ಮೂಲನಾ ಮಂಡಳಿ ಆರಂಭದ ದಿನಗಳಲ್ಲಿ ಕೊಳೆಗೇರಿ ಇದ್ದ ಜಾಗದಲ್ಲೇ ಮನೆ ಕಟ್ಟಿಕೊಡುತ್ತಿತ್ತು. 2000ದ ಹೊತ್ತಿಗೆ ನಗರದೊಳಗಿನ ಜಾಗಕ್ಕೆ ಚಿನ್ನದ ಬೆಲೆ ಬಂತು. ನದಿ ದಂಡೆ, ಕಾಲುವೆ ದಂಡೆಯ ಗುಡಿಸಲುಗಳನ್ನು ಎಬ್ಬಿಸಿ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರು ದೂರದ ಕಣ್ಣಗಿ ನಗರಕ್ಕೆ, ಆಮೇಲೆ ಸೆಮ್ಮಂಚೇರಿಗೆ, ಪೆರುಂಬಾಕ್ಕಂಗೆ ಜನರನ್ನು ಸಾಗಿಸಲಾಯಿತು. ಕಣ್ಣಗಿ ನಗರವೊಂದರಲ್ಲೇ 15 ಸಾವಿರಕ್ಕೂ ಹೆಚ್ಚು ಮನೆಗಳಿವೆ. ತಲೆ ಮೇಲೆ ಗಟ್ಟಿ ಸೂರು ಸಿಕ್ಕಿತು ನಿಜ. ಮೈಲಾಪುರದ, ಮಂದವೆಳಿಯ ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕಿ ಸಂಸಾರ ನಡೆಸುತ್ತಿದ್ದವಳಿಗೆ ಬೆಳಿಗ್ಗೆ ಆರಕ್ಕೆ ಅಲ್ಲಿ ಹಾಜರಾಗುವುದು ಆಗದ ಮಾತಾಯಿತು. ಬಸ್ಸಿನ ಖರ್ಚೇ ಗಳಿಕೆಯನ್ನು ನುಂಗಿತು. ವಿಳಾಸ ಕಣ್ಣಗಿ ನಗರ ಎಂದರೆ ಕೆಲಸ ಕೊಡಲು ಹಿಂದೇಟು ಹಾಕುತ್ತಾರೆ ಎಂಬ ದೂರನ್ನು ಅಲ್ಲಿನ ಯುವಕರು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಮನೆ ಕೊಟ್ಟ ಕೈಯೇ ಕೆಲಸ ಕಸಿಯಿತು.

2021ರ ಮೇ ತಿಂಗಳಲ್ಲಿ ಹೆಂಗಸರಿಗೆ ಉಚಿತ ಬಸ್ ಪ್ರಯಾಣ ಬಂದ ಮೇಲೆ ಈ ಗಾಯಕ್ಕೆ ಸ್ವಲ್ಪ ಮುಲಾಮು ಬಿತ್ತು. ಬಿಳಿ ಬೋರ್ಡಿನ ಸಾಧಾರಣ ಬಸ್ಸುಗಳಲ್ಲಿ ಮಾತ್ರ ಉಚಿತ; ಜನ ಗುರುತು ಹಿಡಿಯಲೆಂದು ಅವುಗಳಲ್ಲಿ ಕೆಲವಕ್ಕೆ ಮುಂದೆ ಹಿಂದೆ ಗುಲಾಬಿ ಬಣ್ಣ ಬಳಿದರು. ಹೆಂಗಸರಿಗೆ ತಿಂಗಳಿಗೆ ಸರಾಸರಿ 888 ರೂಪಾಯಿ ಉಳಿಯುತ್ತಿದೆ ಎಂದು ರಾಜ್ಯ ಯೋಜನಾ ಆಯೋಗದ ಅಧ್ಯಯನ ಲೆಕ್ಕ ಹಾಕಿತು. ಇಂಥದೇ ಉಚಿತ ಪ್ರಯಾಣದ ಕರ್ನಾಟಕದ ಶಕ್ತಿ ಯೋಜನೆ ಜಾರಿಯಾದಾಗ ಧರ್ಮಸ್ಥಳದ ಬಸ್ಸಿನ ನೂಕುನುಗ್ಗಲಿನ ವಿಡಿಯೊಗಳು ಎಲ್ಲರ ಮೊಬೈಲಿನಲ್ಲೂ ಓಡಾಡಿದವು. ಮಾಗಡಿಯಿಂದ ಪೀಣ್ಯದ ಗಾರ್ಮೆಂಟ್ಸ್‌ಗೆ ದಿನಾ ಬರುವವಳ ಶೂನ್ಯ ಟಿಕೆಟ್ಟಿನ ವಿಡಿಯೊ ಯಾರೂ ಮಾಡಲಿಲ್ಲ.

ಕಾರ್ಖಾನೆಗಳ ಮಾತಿಗೆ ಬಂದರೆ ಚೆನ್ನೈ ಬಳಿಯ ಶ್ರೀಪೆರಂಬದೂರಿಗೆ ಹೋಗಬೇಕು. ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಘಟಕದ ಹೆಂಗಸರು 2021ರ ಡಿಸೆಂಬರಿನಲ್ಲಿ ಚೆನ್ನೈ–ಬೆಂಗಳೂರು ಹೆದ್ದಾರಿ ತಡೆದು ಕುಳಿತರು. ಹಾಸ್ಟೆಲಿನ ಊಟ ತಿಂದು ನೂರೈವತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದ್ದರು. ಆ ಕಹಿಯ ನಂತರ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮ ವಲ್ಲಂ ವಡಗಾಲ್‌ನಲ್ಲಿ 18,720 ಮಂದಿ ಉಳಿಯಬಹುದಾದ ವಸತಿ ಸಮುಚ್ಚಯ ಕಟ್ಟಿತು. 2024ರ ಆಗಸ್ಟಿನಲ್ಲಿ ಅದು ಉದ್ಘಾಟನೆಯಾಯಿತು. ಖರ್ಚು 700 ಕೋಟಿಗೂ ಮೇಲೆ. ಹಳ್ಳಿಯ ಹುಡುಗಿ ಊರುಬಿಟ್ಟು ದುಡಿಯಲು ಬರಬೇಕಾದರೆ ಭದ್ರವಾದ ಹಾಸಿಗೆ, ಬಾಗಿಲಿಗೆ ಚಿಲಕ ಬೇಕು. ಇದನ್ನು ಸಬ್ಸಿಡಿ ಎಂದು ಮೂಗು ಮುರಿಯುವುದು ತಪ್ಪು. ಆದರೆ ಮದುವೆಯಾದ ಹೆಂಗಸರನ್ನು ಇದೇ ಘಟಕದ ನೇಮಕಾತಿಯಲ್ಲಿ ದೂರ ಇಡಲಾಗುತ್ತಿದೆ ಎಂದು ರಾಯಿಟರ್ಸ್ 2024ರ ಜೂನ್‌ನಲ್ಲಿ ವರದಿ ಮಾಡಿತು. ಕಂಪನಿ ತಾರತಮ್ಯದ ಆರೋಪವನ್ನು ಅಲ್ಲಗಳೆಯಿತು, ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯದಿಂದ ವರದಿ ಕೇಳಿತು. ಆ ಒಂದು ಕಂಪನಿಯ ಮಾತು ಬಿಟ್ಟರೂ, ಇಪ್ಪತ್ತರ ಹರೆಯದವರನ್ನು ಹಾಸ್ಟೆಲಿನಲ್ಲಿಟ್ಟು ದುಡಿಸಿ, ಮದುವೆ ಮಗು ಎಂದಾಗ ಮನೆಗೆ ಕಳಿಸುವ ಪದ್ಧತಿ ಉದ್ಯಮದಲ್ಲಿ ಮಾಮೂಲು. ನೂರು ಹುಡುಗಿಯರಿಗೆ ಹಾಸಿಗೆ ಹಾಸುವ ಸರ್ಕಾರ ಹತ್ತು ತಾಯಂದಿರಿಗೆ ಶಿಶುಪಾಲನಾ ಕೋಣೆ ಕೊಡಿ ಎಂದು ಅದೇ ಒಪ್ಪಂದದಲ್ಲಿ ಬರೆಸಿಕೊಳ್ಳಬಹುದಿತ್ತು.

ಮೂವತ್ತೈದು ದಾಟಿದ ಮೇಲೆ ಏನು ಎಂಬ ಪ್ರಶ್ನೆಯನ್ನು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು 2016ರ ಏಪ್ರಿಲ್ 18 ಮತ್ತು 19ರಂದು ಬೀದಿಗೆ ತಂದಿದ್ದರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮದ ವಿರುದ್ಧ ಯಾವ ದೊಡ್ಡ ನಾಯಕರೂ ಇಲ್ಲದೆ ಹೊಸೂರು ರಸ್ತೆ ತುಂಬಿತು; ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಐವತ್ತೆಂಟರ ತನಕ ಯಾವ ಗಾರ್ಮೆಂಟ್ಸ್ ತಮ್ಮನ್ನು ಇಟ್ಟುಕೊಳ್ಳುತ್ತದೆ ಎಂಬುದು ಅವರಿಗೆ ದೆಹಲಿಯ ಅಧಿಕಾರಿಗಳಿಗಿಂತ ಚೆನ್ನಾಗಿ ಗೊತ್ತಿತ್ತು. ಮಗಳ ಫೀಸಿಗೋ ಗಂಡನ ಆಪರೇಷನ್ನಿಗೋ ಕೈಯಲ್ಲಿ ಕಾಸಿಲ್ಲದಾಗ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪಿಎಫ್ ತೆಗೆದು, ಮತ್ತೆ ಇನ್ನೊಂದು ಕಂಪನಿಯಲ್ಲಿ ಹೊಸಬಳಾಗಿ ಸೇರುವುದು ಪೀಣ್ಯ, ಬೊಮ್ಮನಹಳ್ಳಿಗಳಲ್ಲಿ ರೂಢಿ. ಹೀಗೆ ಸೇರಿದಾಗಲೆಲ್ಲ ಹಳೆಯ ಅನುಭವಕ್ಕೆ ಬೆಲೆ ಇಲ್ಲ. ಇಂಥವರ ಖಾತೆಗೆ ಕರ್ನಾಟಕದ ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರ ಬಂದರೆ ರಾಜೀನಾಮೆ ಒಂದಿಷ್ಟು ಮುಂದಕ್ಕೆ ಹೋಗುತ್ತದೆ. ನೆರವು ಕೆಲಸದಲ್ಲಿ ಹಿಡಿದಿಡುವ ಬಗೆಯೂ ಇದೆ.

ದುಡ್ಡು ಎಲ್ಲಿಂದ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಕರ್ನಾಟಕದ ಐದು ಗ್ಯಾರಂಟಿಗಳಿಗೆ ವರ್ಷಕ್ಕೆ 50 ಸಾವಿರ ಕೋಟಿಯ ಮೇಲೆ ಹೋಗುತ್ತದೆ. ತಮಿಳುನಾಡು 2025–26ರ ಬಜೆಟ್ಟಿನಲ್ಲಿ ಮಹಿಳಾ ಹಕ್ಕುಧನಕ್ಕೆ 13,807 ಕೋಟಿ ತೆಗೆದಿರಿಸಿತು. ಅದೇ ರಾಜ್ಯದ ಟಾಸ್ಮಾಕ್ ಮದ್ಯದಂಗಡಿಗಳಿಂದ ಖಜಾನೆಗೆ ಬರುವುದು ವರ್ಷಕ್ಕೆ 45 ಸಾವಿರ ಕೋಟಿಗೂ ಹೆಚ್ಚು. ಹೆಂಡತಿಯ ಖಾತೆಗೆ ಹಾಕಿದ್ದರ ಮೂರು ಪಟ್ಟಿಗಿಂತ ಹೆಚ್ಚನ್ನು ಗಂಡಂದಿರ ಜೇಬಿನಿಂದ ಎತ್ತಿಕೊಳ್ಳುವ ಈ ಏರ್ಪಾಡನ್ನು ಕಲ್ಯಾಣ ಎನ್ನುವಾಗ ನಾಲಿಗೆ ಸ್ವಲ್ಪ ತೊದಲಬೇಕು. ಅದಿರಲಿ. ಸಂಬಳ ಏರಿದರೆ ಈ ವೆಚ್ಚ ತಾನಾಗಿ ಇಳಿಯುವ ಭಾಗ ಎಷ್ಟು ಎಂದು ಬಜೆಟ್ಟಿನ ಜೊತೆಗೆ ಲೆಕ್ಕ ಕೊಡುವ ಅಭ್ಯಾಸ ಎರಡೂ ರಾಜ್ಯಗಳಿಗೆ ಇಲ್ಲ. ಇದ್ದಿದ್ದರೆ ಕಸದ ಟೆಂಡರಿನಲ್ಲಿ ಪಾಲಿಕೆಗೆ ಉಳಿದ ಹಣವೂ ಆ ಉಳಿತಾಯದಿಂದ ಬೇರೆ ಇಲಾಖೆಯ ಮೇಲೆ ಬಿದ್ದ ಹೊರೆಯೂ ಒಂದೇ ಪುಟದಲ್ಲಿ ಕಾಣುತ್ತಿದ್ದವು.

ಇನ್ನು ಉಳಿದದ್ದು ನಿಜವಾಗಿಯೂ ಕೆಲಸವಿಲ್ಲದವರ ಮಾತು. ಇಲ್ಲಿ ನಿಯಮ ಬರೆಯುವವರ ಯೋಚನೆ ತೀರಾ ಒರಟು. ತಮಿಳುನಾಡಿನ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಐದು ವರ್ಷ ಕಾದವರಿಗೆ ಮೂರು ವರ್ಷದ ತನಕ ನಿರುದ್ಯೋಗ ನೆರವು ಸಿಗುತ್ತದೆ: ಎಸ್ಸೆಸ್ಸೆಲ್ಸಿ ಪಾಸಾದವರಿಗೆ ತಿಂಗಳಿಗೆ 300, ಪಿಯುಸಿ ಮಟ್ಟದವರಿಗೆ 400, ಪದವೀಧರರಿಗೆ 600 ರೂಪಾಯಿ. ಐದು ವರ್ಷ ಕೆಲಸವಿಲ್ಲದೆ ಕುಳಿತವನಿಗೆ ಆರು ನೂರು ರೂಪಾಯಿ ಯಾವ ಆಸೆಯನ್ನೂ ಹುಟ್ಟಿಸುವುದಿಲ್ಲ, ಯಾವ ಕೆಲಸಕ್ಕೂ ಅಣಿಗೊಳಿಸುವುದೂ ಇಲ್ಲ. ಕರ್ನಾಟಕದ ಯುವನಿಧಿ ಅದಕ್ಕಿಂತ ಎಷ್ಟೋ ವಾಸಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಈ ಯೋಜನೆ ಓದು ಮುಗಿಸಿ 180 ದಿನ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯಂತೆ ಎರಡು ವರ್ಷ ಕೊಡುತ್ತದೆ. ಕೆಲಸ ಸಿಕ್ಕಿಲ್ಲ ಎಂದು ಆಗಾಗ ಘೋಷಣೆ ಸಲ್ಲಿಸುತ್ತಿರಬೇಕು. ಸಿಕ್ಕ ತಕ್ಷಣ ಹಣ ನಿಲ್ಲುತ್ತದೆ.

ತೊಡಕಿರುವುದು ಈ ತಕ್ಷಣದಲ್ಲಿ. ಹಾಸನದ ಪದವೀಧರೆಗೆ ಬೆಂಗಳೂರಿನಲ್ಲಿ 14 ಸಾವಿರದ ಕೆಲಸ ಸಿಕ್ಕಿತು ಎಂದುಕೊಳ್ಳೋಣ. ಪಿಜಿ ಬಾಡಿಗೆಯ ಮುಂಗಡ ಕೊಡಬೇಕು, ಮೊದಲ ಸಂಬಳ ಬರುವ ತನಕ ಊಟ ಬಸ್ಸು ನೋಡಿಕೊಳ್ಳಬೇಕು. ಬದುಕಿನಲ್ಲಿ ಆಕೆಗೆ ಆ ಮೂರು ಸಾವಿರ ಹೆಚ್ಚು ಬೇಕಾಗುವುದು ಅದೇ ತಿಂಗಳು, ನಿಲ್ಲುವುದೂ ಅದೇ ತಿಂಗಳು. ಊರಿನಲ್ಲೇ ಉಳಿದು ಟ್ಯೂಷನ್ ಹೇಳಿಕೊಂಡು ಘೋಷಣೆ ಸಲ್ಲಿಸುತ್ತಿದ್ದರೆ ಯಾರ ಗಮನಕ್ಕೂ ಬಾರದು. ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್ ವ್ಯವಸ್ಥೆಯಲ್ಲಿ ಹತ್ತಾರು ಕುಂದುಗಳಿದ್ದರೂ ಒಂದು ಒಳ್ಳೆಯ ಗುಣವಿದೆ: ದುಡಿದು ತಂದ ಪ್ರತಿ ಪೌಂಡಿಗೂ ನೆರವಿನಲ್ಲಿ ಒಂದು ಪಾಲು ಮಾತ್ರ ಕಡಿತವಾಗುತ್ತದೆ. ಆ ಕಡಿತ ನೂರಕ್ಕೆ 63 ಇದ್ದದ್ದನ್ನು 2021ರ ಕೊನೆಯಲ್ಲಿ 55ಕ್ಕೆ ಇಳಿಸಿದರು. ಅಷ್ಟು ಸೂಕ್ಷ್ಮದ ಲೆಕ್ಕ ನಮ್ಮಲ್ಲಿ ಸದ್ಯಕ್ಕೆ ಆಗಲಿಕ್ಕಿಲ್ಲ. ಆದರೆ ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳು ಯುವನಿಧಿಯ ಅರ್ಧವನ್ನು ಮುಂದುವರಿಸುವುದು, ಆದಾಯ ಮಿತಿ ದಾಟಿದ ಕುಟುಂಬದಿಂದ ಮಹಿಳಾ ಹಕ್ಕುಧನದಂಥ ನೆರವನ್ನು ಒಮ್ಮೆಲೇ ಕಿತ್ತುಕೊಳ್ಳುವ ಬದಲು ಎರಡು ಮೂರು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು ಎರಡೂ ರಾಜ್ಯಗಳಿಗೆ ಸಾಧ್ಯ. ಪಿಎಫ್ ಖಾತೆಯ ಸಂಖ್ಯೆ ಇದೆ, ಸೇರಿದ ದಿನಾಂಕ ಅದರಲ್ಲಿ ದಾಖಲಾಗಿರುತ್ತದೆ, ಹಣ ಹೋಗುವ ಬ್ಯಾಂಕ್ ಖಾತೆ ಆಧಾರಿಗೆ ಜೋಡಣೆಯಾಗಿದೆ. ಇದಕ್ಕೆ ಹೊಸ ಕಾಯಿದೆ ಬೇಡ, ವಿಧಾನಸಭೆಯ ಚರ್ಚೆಯೂ ಬೇಡ. ಇಲಾಖೆಯ ಒಂದು ತಿದ್ದುಪಡಿ ಆದೇಶ ಸಾಕು.